ಗ್ಯಾಂಟ್ಸೆಯ ಮೊಹರು: ಟಿಬೆಟ್ಟಿನಲ್ಲಿದ್ದ ನಮ್ಮ ಅಂಚೆ ಕಚೇರಿ ಯಾಕೆ ಮುಚ್ಚಿತು?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ತಾತ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಒಂದು ಹಳೇ ಲಕೋಟೆ ಸಿಕ್ಕಿತು. ಅದಕ್ಕೆ ಎರಡಾಣೆಯ ನಟರಾಜನ ಸ್ಟಾಂಪು ಅಂಟಿಸಿದೆ. ಮೊಹರಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಗ್ಯಾಂಟ್ಸೆ ಟಿಬೆಟ್’ ಎಂದಿದೆ, ಇಸವಿ 1952. ತಾತನ ಗೆಳೆಯರೊಬ್ಬರು ಸೈನ್ಯದಲ್ಲಿದ್ದರಂತೆ, ಅವರು ಬರೆದದ್ದು. ಟಿಬೆಟ್ಟಿನಲ್ಲಿ ನಮ್ಮ ಸ್ಟಾಂಪು ಹೇಗೆ ನಡೆಯಿತು? ಇದು ನಕಲಿ ಇರಬಹುದಾ? ನಿಜವಾಗಿಯೂ ಅಲ್ಲಿ ನಮ್ಮ ಅಂಚೆ ಕಚೇರಿ ಇದ್ದಿದ್ದರೆ ಅದನ್ನು ನಾವೇ ಬಿಟ್ಟುಕೊಟ್ಟೆವಾ, ಅವರು ಓಡಿಸಿದರಾ? — ಓದುಗರು, ಕುಶಾಲನಗರ

ಉತ್ತರ: ಲಕೋಟೆಯನ್ನು ಕಣ್ಣಾರೆ ನೋಡದೆ ಖಚಿತವಾಗಿ ಹೇಳಲಾರೆ. ಆದರೆ ನೀವು ಬರೆದ ವಿವರಗಳೆಲ್ಲ ಒಂದಕ್ಕೊಂದು ತಾಳೆಯಾಗುತ್ತವೆ. ನಟರಾಜನ ಎರಡಾಣೆ ಸ್ಟಾಂಪು 1949ರ ಆಗಸ್ಟ್ 15ರಂದು ಹೊರಬಂದ ಸರಣಿಯದ್ದು. ಬ್ರಿಟಿಷ್ ರಾಜನ ತಲೆ ತೆಗೆದು ನಮ್ಮ ಶಿಲ್ಪ, ಗುಡಿ, ಗೋಪುರಗಳನ್ನು ಹಾಕಿದ ಮೊದಲ ದಿನಬಳಕೆಯ ಸ್ಟಾಂಪುಗಳು ಅವು. ನಮ್ಮ ವಿಜಯಪುರದ ಗೋಳಗುಮ್ಮಟ ಅದೇ ಸರಣಿಯ ಆರಾಣೆ ಸ್ಟಾಂಪಿನಲ್ಲಿದೆ. ಗ್ಯಾಂಟ್ಸೆಯಲ್ಲಿ ಭಾರತದ ಅಂಚೆ ಕಚೇರಿ 1955ರವರೆಗೆ ಕೆಲಸ ಮಾಡಿತು. ಹಾಗಾಗಿ 1952 ಸರಿಯಾಗಿ ಕೂರುತ್ತದೆ. ತಾತನ ಗೆಳೆಯರ ಮಾತೂ ಅಷ್ಟೇ. ಆಗ ಗ್ಯಾಂಟ್ಸೆ ಮತ್ತು ಯಾತುಂಗ್‌ನಲ್ಲಿ ಭಾರತೀಯ ಸೈನ್ಯದ ಸಣ್ಣ ಕಾವಲು ತುಕಡಿಗಳಿದ್ದವು. ಅವರು ಆ ತುಕಡಿಯಲ್ಲೇ ಇದ್ದಿರಬೇಕು.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1903ರ ಕೊನೆಯಲ್ಲಿ ಬ್ರಿಟಿಷರು ಫ್ರಾನ್ಸಿಸ್ ಯಂಗ್‌ಹಸ್ಬೆಂಡ್ ಎಂಬ ಅಧಿಕಾರಿಯ ಕೈಕೆಳಗೆ ಟಿಬೆಟ್ಟಿಗೆ ಸೈನ್ಯ ಕಳಿಸಿದರು. ರಷ್ಯಾ ಟಿಬೆಟ್ಟಿನ ರಾಜಧಾನಿ ಲ್ಹಾಸಾದಲ್ಲಿ ಕಾಲೂರುತ್ತಿದೆ ಎಂಬ ಅನುಮಾನ ವೈಸ್‌ರಾಯ್ ಕರ್ಜನ್‌ನ ತಲೆ ತುಂಬ ತುಂಬಿತ್ತು. ಅನುಮಾನಕ್ಕೆ ಗಟ್ಟಿ ಆಧಾರ ಇರಲಿಲ್ಲ. ಆದರೂ ಅದೇ ಕಾರಣಕ್ಕೆ ಸಾವಿರಾರು ಸೈನಿಕರು ಹಿಮದ ಕಣಿವೆ ದಾಟಿ ಹೋದರು, ಬಹಳ ಜನ ಟಿಬೆಟಿಯನ್ನರು ಸತ್ತರು. ಸೈನ್ಯದ ಜೊತೆಗೇ ಅಂಚೆ ಕಚೇರಿ ಹೋಯಿತು, ತಂತಿ ಕಂಬಗಳೂ ಹೋದವು. 1904ರ ಸೆಪ್ಟೆಂಬರ್‌ನಲ್ಲಿ ಲ್ಹಾಸಾದಲ್ಲಿ ಒಪ್ಪಂದವಾಯಿತು. ಗ್ಯಾಂಟ್ಸೆ, ಯಾತುಂಗ್, ಗಾರ್ಟೋಕ್ ಎಂಬ ಮೂರು ಊರುಗಳಲ್ಲಿ ವ್ಯಾಪಾರಕ್ಕೆ ಅವಕಾಶ, ಅಲ್ಲಿ ಬ್ರಿಟಿಷ್ ವಾಣಿಜ್ಯ ಏಜೆಂಟರು ಇರಬಹುದು ಎಂದಾಯಿತು. ಸೈನ್ಯ ಹಿಂದಕ್ಕೆ ಬಂತು. ಅಂಚೆ ಅಲ್ಲೇ ಉಳಿಯಿತು. ಗ್ಯಾಂಟ್ಸೆ, ಫಾರಿ, ಯಾತುಂಗ್‌ಗಳಲ್ಲಿ ಅರ್ಧ ಶತಮಾನ ನಮ್ಮ ಅಂಚೆ ನಡೆದದ್ದು ಹೀಗೆ.

ಆ ದಾರಿಯನ್ನು ಒಮ್ಮೆ ನಕಾಶೆಯಲ್ಲಿ ನೋಡಿ. ಒಂದು ದಾರಿ ಗ್ಯಾಂಗ್ಟೋಕ್‌ನಿಂದ ನಾಥು ಲಾ ಹತ್ತುತ್ತದೆ, ಇನ್ನೊಂದು ಕಾಲಿಂಪಾಂಗ್‌ನಿಂದ ಜೆಲೆಪ್ ಲಾ ಹತ್ತುತ್ತದೆ. ಎರಡೂ ಬೆಟ್ಟ ದಾಟುವ ಕಂಡಿಗಳು, 14 ಸಾವಿರ ಅಡಿಗಿಂತ ಎತ್ತರ. ಅಲ್ಲಿಂದ ಚುಂಬಿ ಕಣಿವೆಗೆ ಇಳಿದರೆ ಯಾತುಂಗ್, ಮತ್ತೆ ಹತ್ತಿದರೆ ಫಾರಿ, ಅದರ ಆಚೆ ಬೋಳು ಬಯಲು ದಾಟಿದರೆ ಗ್ಯಾಂಟ್ಸೆ. ಈ ದಾರಿಯಲ್ಲಿ ಟಪಾಲು ಚೀಲ ಹೊತ್ತವರು ಅಂಚೆ ಹರಿಕಾರರು. ಒಬ್ಬ ತನ್ನ ಹಂತ ಮುಗಿಸಿ ಇನ್ನೊಬ್ಬನ ಹೆಗಲಿಗೆ ಚೀಲ ದಾಟಿಸುತ್ತಿದ್ದ. ಹಿಮ ಬಿದ್ದರೂ ಚೀಲ ನಿಲ್ಲುವಂತಿರಲಿಲ್ಲ. ನಿಮ್ಮ ಕೈಯಲ್ಲಿರುವ ಲಕೋಟೆ ಆ ಹೆಗಲುಗಳ ಮೇಲೆ ಬಂದದ್ದು. ನಾನು ಇಂಥ ಲಕೋಟೆಗಳನ್ನು ಕೈಯಲ್ಲಿ ಹಿಡಿದಾಗಲೆಲ್ಲ ಮೊದಲು ನೆನೆಯುವುದು ಆ ಹೆಸರಿಲ್ಲದ ಹರಿಕಾರರನ್ನೇ.

ಹಾಗಾದರೆ ಟಿಬೆಟ್ಟಿಗೆ ತನ್ನದೇ ಅಂಚೆ ಇರಲಿಲ್ಲವೇ? ಇತ್ತು. ಅದಕ್ಕೂ ಮೊದಲು ಚೀನಾದ ಅಂಚೆಯೂ ಬಂದು ಹೋಗಿತ್ತು. 1910ರ ಸುಮಾರಿಗೆ, ಆಗ ಚೀನಾ ಆಳುತ್ತಿದ್ದ ಚಿಂಗ್ ದೊರೆತನದ ಸೈನ್ಯ ಲ್ಹಾಸಾಕ್ಕೆ ನುಗ್ಗಿದಾಗ ಚೀನೀಯರೂ ಅಲ್ಲಿ ಅಂಚೆ ಕಚೇರಿ ತೆರೆದರು. ಅವರು 1911ರಲ್ಲಿ ಬಳಸಿದ ಸ್ಟಾಂಪುಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಚೀನಾದ ಸ್ಟಾಂಪಿನ ಮೇಲೆ ಚೀನಿ, ಟಿಬೆಟಿಯನ್, ಇಂಗ್ಲಿಷ್ ಮೂರೂ ಭಾಷೆಯಲ್ಲಿ ಬೆಲೆ ಅಚ್ಚಾಗಿದೆ. ಆ ಬೆಲೆ ಇರುವುದು ಪೈ ಮತ್ತು ಆಣೆಯಲ್ಲಿ! ಟಿಬೆಟ್ ನಮ್ಮದು ಎನ್ನುವವರೂ ಅಲ್ಲಿಯ ಸಂತೆಯಲ್ಲಿ ಭಾರತದ ದುಡ್ಡಿನ ಲೆಕ್ಕಕ್ಕೇ ಬರಬೇಕಾಯಿತು. ಚೀನಾದಲ್ಲಿ ಕ್ರಾಂತಿಯಾಗಿ ದೊರೆತನ ಬಿದ್ದಿತು. 1912ರಲ್ಲಿ ಟಿಬೆಟಿಯನ್ನರು ಆ ಸೈನ್ಯವನ್ನು ಹೊರಹಾಕಿದರು. ಅದೇ ವರ್ಷ ಲ್ಹಾಸಾ ಸರ್ಕಾರ ತನ್ನದೇ ಸ್ಟಾಂಪು ಹೊರತಂದಿತು. ಮರದ ಅಚ್ಚಿನಲ್ಲಿ ಕೈಯಿಂದ ಕೆತ್ತಿದ ಹಿಮಸಿಂಹ, ಅಲ್ಲಿಯದೇ ಕಾಗದ. ಒಂದು ಹಾಳೆಯಲ್ಲಿ 12 ಸ್ಟಾಂಪು, ಕೈಕೆತ್ತನೆಯಾದ್ದರಿಂದ ಹನ್ನೆರಡೂ ಸಿಂಹಗಳ ಮುಖ ಒಂದೊಂದು ಥರ.

ಆದರೆ ಆ ಸ್ಟಾಂಪು ಟಿಬೆಟ್ಟಿನ ಗಡಿ ದಾಟುತ್ತಿರಲಿಲ್ಲ. ಟಿಬೆಟ್ ಅಂತರರಾಷ್ಟ್ರೀಯ ಅಂಚೆ ಒಕ್ಕೂಟದ ಸದಸ್ಯ ಆಗಿರಲಿಲ್ಲ. ಹೊರಗಿನವರು ಅದರ ಸ್ಟಾಂಪನ್ನು ಒಪ್ಪಬೇಕಾಗಿರಲಿಲ್ಲ. ಹೀಗಾಗಿ ಲ್ಹಾಸಾದಿಂದ ಕಾಲಿಂಪಾಂಗ್‌ಗೋ ಕಠ್ಮಂಡುವಿಗೋ ಪತ್ರ ಹಾಕುವವರು ಎರಡು ಸಲ ದುಡ್ಡು ಕೊಡಬೇಕಿತ್ತು. ಗ್ಯಾಂಟ್ಸೆ ಅಥವಾ ಫಾರಿಯವರೆಗೆ ಹಿಮಸಿಂಹದ ಸ್ಟಾಂಪು, ಅಲ್ಲಿಂದ ಮುಂದಕ್ಕೆ ಭಾರತದ ಸ್ಟಾಂಪು. ಲ್ಹಾಸಾದಲ್ಲಿ ಅಂಗಡಿ ಇಟ್ಟಿದ್ದ ನೇಪಾಳದ ನೇವಾರ ವ್ಯಾಪಾರಿಗಳ ಇಂಥ ಲಕೋಟೆಗಳು ಬಹಳ ಉಳಿದಿವೆ. ಒಂದೇ ಲಕೋಟೆಯ ಮೇಲೆ ಸಿಂಹವೂ ಇದೆ, ಜಾರ್ಜ್ ದೊರೆಯೂ ಇದ್ದಾನೆ. ಟಿಬೆಟ್ ತನ್ನನ್ನು ಸ್ವತಂತ್ರ ಎಂದುಕೊಂಡಿತ್ತು, ಆದರೆ ಅದರ ಪತ್ರ ಜಗತ್ತು ಸೇರಬೇಕಾದರೆ ನೆರೆಯವನ ಬಾಗಿಲಲ್ಲಿ ನಿಂತು ಇನ್ನೊಂದು ಸ್ಟಾಂಪು ಕೊಳ್ಳಬೇಕಿತ್ತು. ಆ ಕಾಲದ ಟಿಬೆಟ್ಟಿನ ಸ್ಥಿತಿಯನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಬೇರೆ ವಸ್ತುವನ್ನು ನಾನು ನೋಡಿಲ್ಲ.

ಈಗ ಒಂದು ಮುಖ್ಯವಾದ ಮಾತು. ಬ್ರಿಟಿಷರು 1908ರಲ್ಲಿ ಚೀನಾ ಮತ್ತು ಟಿಬೆಟ್ ಜೊತೆ ವ್ಯಾಪಾರದ ನಿಯಮಗಳಿಗೆ ಸಹಿ ಹಾಕಿದರು. ಅದರಲ್ಲಿ ಅಂಚೆಯ ಬಗ್ಗೆಯೂ ಒಂದು ಕಲಮು ಇದೆ. ಚೀನಾ ಟಿಬೆಟ್ಟಿನಲ್ಲಿ ದಕ್ಷವಾದ ಅಂಚೆ ವ್ಯವಸ್ಥೆ ಮಾಡಿದಾಗ ಏಜೆಂಟರ ಹರಿಕಾರರನ್ನು ತೆಗೆಯುವ ವಿಚಾರ ನೋಡೋಣ ಎಂಬುದು ಅದರ ಸಾರ. ಓದಲು ನ್ಯಾಯವಾಗಿಯೇ ಕಾಣುತ್ತದೆ, ಅಲ್ವಾ? ಆದರೆ ‘ದಕ್ಷ’ ಆಯಿತೋ ಇಲ್ಲವೋ ಎಂದು ತೀರ್ಪು ಕೊಡುವವರು ಯಾರು? ಕಲಮಿನಲ್ಲಿ ಅದಿಲ್ಲ.

ಇದು ಟಿಬೆಟ್ಟಿಗೆ ಮಾತ್ರ ಹೇಳಿದ ಮಾತಲ್ಲ. ಜಗತ್ತಿನಲ್ಲಿ ಎಲ್ಲೆಲ್ಲಿ ವಿದೇಶಿ ಅಂಚೆ ಕಚೇರಿ ಇತ್ತೋ ಅಲ್ಲೆಲ್ಲ ಇದೇ ವಾದ. ಇಸ್ತಾಂಬುಲ್ ನೋಡಿ. ತುರ್ಕಿಯ ಆಟೋಮನ್ ಸುಲ್ತಾನರ ರಾಜಧಾನಿಯಲ್ಲಿ ಆಸ್ಟ್ರಿಯಾ, ರಷ್ಯಾ, ಫ್ರಾನ್ಸ್, ಬ್ರಿಟನ್, ಜರ್ಮನಿ ಎಲ್ಲರ ಅಂಚೆ ಕಚೇರಿಗಳೂ ಇದ್ದವು. ನಿಮ್ಮ ಅಂಚೆಯ ಮೇಲೆ ನಂಬಿಕೆಯಿಲ್ಲ, ಪತ್ರ ಒಡೆದು ಓದುತ್ತೀರಿ ಎನ್ನುವುದು ಅವರ ದೂರು. ಆ ದೂರು ಸುಳ್ಳಲ್ಲ. ಸುಲ್ತಾನ್ ಅಬ್ದುಲ್ ಹಮೀದನ ಗೂಢಚಾರರು ಪತ್ರ ಓದುತ್ತಿದ್ದರು. ಸುಲ್ತಾನನ ದೂರೂ ಸುಳ್ಳಲ್ಲ. ಅವನ ವಿರೋಧಿಗಳು ಪ್ಯಾರಿಸ್, ಜಿನೀವಾಗಳಲ್ಲಿ ಅಚ್ಚು ಹಾಕಿದ ಪತ್ರಿಕೆಗಳು ಇದೇ ವಿದೇಶಿ ಚೀಲಗಳಲ್ಲಿ ಊರೊಳಕ್ಕೆ ಬರುತ್ತಿದ್ದವು. ಅವನು ಆ ಚೀಲ ಮುಟ್ಟುವಂತಿರಲಿಲ್ಲ. 1901ರ ಮೇ ತಿಂಗಳಲ್ಲಿ ಅವನ ಅಧಿಕಾರಿಗಳು ಒಮ್ಮೆ ಚೀಲಗಳನ್ನು ಹಿಡಿದೇ ಬಿಟ್ಟರು. ರಾಯಭಾರಿಗಳೆಲ್ಲ ಒಟ್ಟಾಗಿ ಎದ್ದು ನಿಂತರು. ಸುಲ್ತಾನನ ಸರ್ಕಾರ ತಲೆ ಬಾಗಬೇಕಾಯಿತು. 1908ರಲ್ಲಿ ಇಟಲಿ ಹೊಸದಾಗಿ ಅಂಚೆ ಕಚೇರಿ ತೆರೆಯಲು ಹೊರಟಾಗ ಆಟೋಮನ್ನರು ಬೇಡವೆಂದರು. ಇಟಲಿ ಯುದ್ಧನೌಕೆಗಳ ಬೆದರಿಕೆ ಹಾಕಿತು. ಬರೀ ಅಂಚೆ ಕಚೇರಿಗೆ!

ಇನ್ನೊಂದು ವಿಷಯ ಯೋಚಿಸಿ. ಲಾಭ ತರುವ ಪತ್ರಗಳೆಲ್ಲ ವಿದೇಶಿ ಅಂಚೆಗೆ ಹೋದರೆ ನಾಡಿನ ಅಂಚೆಗೆ ಆದಾಯ ಎಲ್ಲಿಂದ ಬರಬೇಕು? ಆದಾಯವಿಲ್ಲದೆ ಅದು ದಕ್ಷ ಆಗುವುದು ಹೇಗೆ? ಮೊದಲು ಈಜು ಕಲಿ, ಆಮೇಲೆ ನೀರಿಗೆ ಬಿಡುತ್ತೇನೆ ಎಂದ ಹಾಗಾಯಿತು. ಕೊನೆಗೆ 1914ರಲ್ಲಿ, ಯುರೋಪಿನವರು ತಮ್ಮತಮ್ಮಲ್ಲೇ ಯುದ್ಧಕ್ಕೆ ಬಿದ್ದಿದ್ದಾಗ, ಆಟೋಮನ್ನರು ಸಮಯ ನೋಡಿ ಅಕ್ಟೋಬರ್ 1ರಿಂದ ಎಲ್ಲ ವಿದೇಶಿ ಅಂಚೆಗಳನ್ನೂ ಮುಚ್ಚಿದರು. ಆಗ ಅವರ ಆಳ್ವಿಕೆಯಲ್ಲಿದ್ದ ಬಾಗ್ದಾದ್, ಬಸ್ರಾಗಳಲ್ಲಿ 1868ರಿಂದ ನಡೆಯುತ್ತಿದ್ದ ಭಾರತದ ಅಂಚೆ ಕಚೇರಿಗಳೂ ಆಗಲೇ ಹೋದವು. ತಮಗೆ ಮಿತ್ರರಾಗಲಿದ್ದ ಜರ್ಮನಿ, ಆಸ್ಟ್ರಿಯಾಗಳ ಆಕ್ಷೇಪಕ್ಕೂ ಅವರು ಸೊಪ್ಪು ಹಾಕಲಿಲ್ಲ. ಯುದ್ಧದಲ್ಲಿ ಸೋತ ಮೇಲೆ ಕೆಲವು ಮತ್ತೆ ತೆರೆದವು. 1923ರ ಲಾಸಾನ್ ಒಪ್ಪಂದದಲ್ಲಿ ಅವುಗಳ ಕಥೆ ಪೂರ್ತಿ ಮುಗಿಯಿತು.

ಚೀನಾಕ್ಕೂ ಇದೇ ಗಾಯ. ಅಫೀಮು ಯುದ್ಧದ ನಂತರ ಶಾಂಘೈ ಮುಂತಾದ ಬಂದರುಗಳಲ್ಲಿ ಬ್ರಿಟನ್, ಫ್ರಾನ್ಸ್, ಜರ್ಮನಿ, ರಷ್ಯಾ, ಜಪಾನ್, ಅಮೆರಿಕ ಒಂದೊಂದಾಗಿ ಅಂಚೆ ತೆರೆದಿದ್ದವು. ಚೀನಾ 1896ರಲ್ಲಿ ತನ್ನ ರಾಷ್ಟ್ರೀಯ ಅಂಚೆ ಶುರು ಮಾಡಿತು. 1914ರಲ್ಲಿ ಅಂಚೆ ಒಕ್ಕೂಟ ಸೇರಿತು. ಆಮೇಲೂ ವಿದೇಶಿ ಕಚೇರಿಗಳು ಅಲುಗಾಡಲಿಲ್ಲ. 1922ರ ಫೆಬ್ರವರಿ 1ರಂದು ವಾಷಿಂಗ್ಟನ್ ಸಮ್ಮೇಳನದಲ್ಲಿ, 1923ರ ಜನವರಿ 1ರೊಳಗೆ ತೆಗೆಯುತ್ತೇವೆ ಎಂದು ಒಪ್ಪಿದರು. ಅಲ್ಲಿಯೂ ಷರತ್ತು ಅದೇ: ಚೀನಾದ ಅಂಚೆ ದಕ್ಷವಾಗಿ ನಡೆಯಬೇಕು, ಅದರಲ್ಲಿದ್ದ ವಿದೇಶಿ ಸಹನಿರ್ದೇಶಕನ ಸ್ಥಾನ ಬದಲಾಗಬಾರದು. ಜಪಾನ್ ದಕ್ಷಿಣ ಮಂಚೂರಿಯಾದ ರೈಲು ವಲಯದಲ್ಲಿ ಆಮೇಲೂ ತನ್ನ ಅಂಚೆ ಇಟ್ಟುಕೊಂಡಿತು. 1950ರ ದಶಕದಲ್ಲಿ ನಮ್ಮೆದುರು ಕೂತ ಚೀನೀ ಅಧಿಕಾರಿಗಳು ಈ ಅವಮಾನದ ನಡುವೆಯೇ ಬೆಳೆದ ತಲೆಮಾರಿನವರು. ಟಿಬೆಟ್ಟಿನಲ್ಲಿ ಉಳಿದಿದ್ದ ಭಾರತದ ಅಂಚೆ ಅವರ ಕಣ್ಣಿಗೆ ಹೇಗೆ ಕಂಡಿರಬಹುದು, ನೀವೇ ಯೋಚಿಸಿ.

(ನಮ್ಮ ಮೈಸೂರಿನವರಿಗೂ ಇದರ ಒಂದು ಎಳೆ ಗೊತ್ತು. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ಸೇರಿಹೋಯಿತು. ಇಲಾಖೆ ಹೋದರೂ ‘ಅಂಚೆ’ ಎಂಬ ಮಾತು ನಮ್ಮ ಬಾಯಲ್ಲಿ ಉಳಿಯಿತು.)

ಸ್ವಾತಂತ್ರ್ಯ ಬಂದಾಗ ಟಿಬೆಟ್ಟಿನ ಅಂಚೆ, ತಂತಿ, ಟೆಲಿಫೋನ್, ಪ್ರವಾಸಿ ಬಂಗಲೆ, ಕಾವಲು ತುಕಡಿ ಎಲ್ಲವೂ ಭಾರತಕ್ಕೆ ಬಳುವಳಿಯಾಗಿ ಬಂದವು. 1950ರಲ್ಲಿ ಚೀನಾದ ಸೈನ್ಯ ಟಿಬೆಟ್ಟಿಗೆ ನುಗ್ಗಿತು. ಆ ನವೆಂಬರ್ 7ರಂದು ಸರ್ದಾರ್ ಪಟೇಲರು ನೆಹರೂ ಅವರಿಗೆ ಒಂದು ಪತ್ರ ಬರೆದರು. ಚೀನಾವನ್ನು ನಂಬುವಂತಿಲ್ಲ ಎನ್ನುವುದು ಅದರ ಒಟ್ಟು ಧ್ವನಿ. ಬೇಗ ತೀರ್ಮಾನಿಸಬೇಕಾದ ವಿಷಯಗಳ ಪಟ್ಟಿಯಲ್ಲಿ ಲ್ಹಾಸಾದ ನಮ್ಮ ಕಚೇರಿ, ಗ್ಯಾಂಟ್ಸೆ ಮತ್ತು ಯಾತುಂಗ್‌ನ ವ್ಯಾಪಾರ ಠಾಣೆಗಳು, ಅಲ್ಲಿಯ ಕಾವಲು ಪಡೆ ಇವೂ ಇದ್ದವು. ಮುಂದಿನ ತಿಂಗಳೇ ಪಟೇಲರು ತೀರಿಕೊಂಡರು. ನೆಹರೂ ಅವರ ನೋಟ ಬೇರೆ. ಇವೆಲ್ಲ ಬ್ರಿಟಿಷ್ ಸಾಮ್ರಾಜ್ಯ ಬಿಟ್ಟುಹೋದ ವಸ್ತುಗಳು, ನಾವು ಅವನ್ನು ಹಿಡಿದು ಕೂರುವುದು ಸರಿಯಲ್ಲ, ಕೂರಲು ಶಕ್ತಿಯೂ ಇಲ್ಲ ಎಂದು ಅವರು ತಿಳಿದಿದ್ದರು.

ಮಾತುಕತೆ 1953ರ ಡಿಸೆಂಬರ್ ಕೊನೆಗೆ ಪೀಕಿಂಗ್‌ನಲ್ಲಿ (ಈಗಿನ ಬೀಜಿಂಗ್) ಶುರುವಾಯಿತು. 1954ರ ಏಪ್ರಿಲ್ 29ರಂದು ಸಹಿ ಬಿತ್ತು. ಪಂಚಶೀಲ ಎಂದು ನಾವು ಶಾಲೆಯಲ್ಲಿ ಓದಿದ್ದು ಇದೇ ಒಪ್ಪಂದದ ಪೀಠಿಕೆ. ಅದರ ಜೊತೆ ವಿನಿಮಯವಾದ ಪತ್ರಗಳನ್ನು ಯಾರೂ ಜಾಸ್ತಿ ಓದುವುದಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲಿ. ಆರು ತಿಂಗಳೊಳಗೆ ಯಾತುಂಗ್, ಗ್ಯಾಂಟ್ಸೆಯ ಕಾವಲು ಪಡೆ ವಾಪಸು. ಅಂಚೆ, ತಂತಿ, ಸಾರ್ವಜನಿಕ ಟೆಲಿಫೋನ್‌ಗಳನ್ನು ಉಪಕರಣ ಸಮೇತ ನ್ಯಾಯವಾದ ಬೆಲೆಗೆ ಚೀನಾಕ್ಕೆ ಒಪ್ಪಿಸುವುದು. 12 ಪ್ರವಾಸಿ ಬಂಗಲೆಗಳನ್ನೂ ಬೆಲೆಗೆ ಕೊಡುವುದು. ಅಂಚೆ ಮತ್ತು ತಂತಿಯ ವಿಷಯದಲ್ಲಿ ಭಾರತ ಆ ಬೆಲೆಯನ್ನೂ ಕೇಳಲಿಲ್ಲ. 1955ರ ಏಪ್ರಿಲ್ 1ರಂದು ಅವನ್ನು ಸ್ನೇಹದ ಕುರುಹಾಗಿ ಉಚಿತವಾಗಿ ಒಪ್ಪಿಸಿತು.

ಆ ದಿನಾಂಕದ ಪಕ್ಕದಲ್ಲಿ ಇನ್ನೊಂದು ದಿನಾಂಕ ಇಟ್ಟು ನೋಡಿ. ಚೀನಾದ ಒಳನಾಡಿನಿಂದ ಲ್ಹಾಸಾಕ್ಕೆ ಬರುವ ಎರಡು ಹೆದ್ದಾರಿಗಳು ತೆರೆದದ್ದು 1954ರ ಡಿಸೆಂಬರ್ 25ರಂದು. ಅಲ್ಲಿಯವರೆಗೆ ಲ್ಹಾಸಾದಲ್ಲಿದ್ದ ಚೀನೀಯರಿಗೂ ಹತ್ತಿರದ ದಾರಿ ಭಾರತದ ದಾರಿಯೇ. ಅವರಿಗೆ ಬೇಕಾದ ಅಕ್ಕಿ ಕೂಡ ನಮ್ಮ ಕಡೆಯಿಂದ ಹೋಗುತ್ತಿತ್ತು. ರಸ್ತೆ ಬಂದ ಸುಮಾರು ಮೂರು ತಿಂಗಳಿಗೆ ನಮ್ಮ ಅಂಚೆ ಅವರ ಕೈಗೆ ಹೋಯಿತು. ಒಂದಕ್ಕಾಗಿ ಇನ್ನೊಂದು ಎಂದು ನಾನು ಹೇಳುತ್ತಿಲ್ಲ. ಆದರೆ ಅವರ ರಸ್ತೆ ಬಂದ ಮೇಲೆ ನಮ್ಮ ಅಂಚೆ ಅವರಿಗೆ ಯಾವ ಕೆಲಸಕ್ಕೂ ಬೇಕಾಗಿರಲಿಲ್ಲ ಎನ್ನುವುದು ಮಾತ್ರ ನಿಜ.

ಚೀನಾದ ಅನುಮಾನ ಪೂರ್ತಿ ಕಲ್ಪನೆಯೂ ಅಲ್ಲ. ವಾಣಿಜ್ಯ ಏಜೆಂಟರು ಉಣ್ಣೆಯ ಲೆಕ್ಕ ಮಾತ್ರ ಬರೆಯುತ್ತಿರಲಿಲ್ಲ. ಟಿಬೆಟ್ಟಿನಲ್ಲಿ ಯಾರು ಬಂದರು, ಯಾರು ಹೋದರು, ಯಾವ ಅಧಿಕಾರಿ ಯಾರ ಕಡೆ ಎಂಬ ಸುದ್ದಿಯೂ ಅದೇ ತಂತಿಯ ಮೇಲೆ ಗ್ಯಾಂಗ್ಟೋಕ್‌ಗೆ, ಅಲ್ಲಿಂದ ದೆಹಲಿಗೆ ಹೋಗುತ್ತಿತ್ತು. ಬ್ರಿಟಿಷರ ಕಾಲದಿಂದ ನಡೆದುಬಂದ ರೂಢಿ ಅದು. ಒಡೆಯ ಬದಲಾದರೂ ತಂತಿ ಅದೇ.

ಹಾಗಾಗಿ ‘ಬಿಟ್ಟುಕೊಟ್ಟೆವಾ, ಓಡಿಸಿದರಾ’ ಎಂದರೆ, ನಾವೇ ಕೊಟ್ಟೆವು. ಕೊಡದೆ ಬೇರೆ ದಾರಿಯೂ ಇರಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಕೊಟ್ಟದ್ದು ತಪ್ಪಲ್ಲ. ಬ್ರಿಟಿಷರು ಮೈಸೂರಿಗೂ ಚೀನಾಕ್ಕೂ ಮಾಡಿದ್ದನ್ನು ಸ್ವತಂತ್ರ ಭಾರತ ಟಿಬೆಟ್ಟಿನಲ್ಲಿ ಮುಂದುವರಿಸುವುದು ಚೆನ್ನಾಗಿರುತ್ತಿರಲಿಲ್ಲ. ನನಗೆ ನೋವು ತರುವುದು ಬೇರೆ ಎರಡು ವಿಷಯ. ಒಂದು, ಅಂಚೆ ಕೊಟ್ಟರೆ ನಂಬಿಕೆ ಬರುತ್ತದೆ ಎಂದು ನಾವು ಎಣಿಸಿದ್ದು. ಬರಲಿಲ್ಲ. 1954ರ ಜುಲೈನಲ್ಲಿ ಗ್ಯಾಂಟ್ಸೆಯಲ್ಲಿ ಪ್ರವಾಹ ಬಂದು ನಮ್ಮ ಏಜೆನ್ಸಿಯ ಕಟ್ಟಡ ಕೊಚ್ಚಿಹೋಯಿತು, ಹಲವರು ಸತ್ತರು. ಆ ಕಟ್ಟಡವನ್ನು ಮತ್ತೆ ಕಟ್ಟಲು ಜಾಗದ ವಿಷಯವಾಗಿ ವರ್ಷಗಟ್ಟಲೆ ಪತ್ರ ಓಡಾಡಿದವು, ಕೆಲಸ ಮುಂದೆ ಸಾಗಲಿಲ್ಲ. ಎಂಟು ವರ್ಷದ ಒಪ್ಪಂದ 1962ರ ಜೂನ್‌ನಲ್ಲಿ ಮುಗಿಯಿತು. ಅದನ್ನು ನವೀಕರಿಸಲಿಲ್ಲ. ಅಕ್ಟೋಬರ್‌ನಲ್ಲಿ ಯುದ್ಧವೇ ಆಯಿತು.

ಎರಡನೆಯದು ಇನ್ನೂ ದೊಡ್ಡದು. ಅಂಚೆ ಕೊಟ್ಟವರು ಭಾರತ, ತೆಗೆದುಕೊಂಡವರು ಚೀನಾ. ಪತ್ರ ಬರೆಯುತ್ತಿದ್ದ ಟಿಬೆಟಿಯನ್ನರನ್ನು ಯಾರೂ ಕೇಳಲಿಲ್ಲ. 1904ರಲ್ಲೂ ಕೇಳಿರಲಿಲ್ಲ, 1954ರಲ್ಲೂ ಕೇಳಲಿಲ್ಲ. ಹಿಮಸಿಂಹದ ಸ್ಟಾಂಪೂ ಆಮೇಲೆ ಇಲ್ಲವಾಯಿತು.

ನೀವು ಕುಶಾಲನಗರದವರು, ಇದನ್ನು ನಾನು ನಿಮಗೆ ಬಿಡಿಸಿ ಹೇಳಬೇಕಿಲ್ಲ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು, ಅವರ ಹಿಂದೆ ಸಾವಿರಾರು ಜನ ಬಂದರು. ಅವರಲ್ಲಿ ಬಹಳ ಮಂದಿ ನಿಮ್ಮ ಪಕ್ಕದ ಬೈಲಕುಪ್ಪೆಯಲ್ಲಿ ಕಾಡು ಕಡಿದು ಮನೆ ಕಟ್ಟಿಕೊಂಡರು. ಅವರಿಗೆ ಹುಟ್ಟೂರಿನ ಪತ್ರವೇ ದೊಡ್ಡ ಸಂಪತ್ತು. ಬಹಳ ಕಾಲದ ನಂತರ, 1992ರ ಒಪ್ಪಂದದ ಮೇಲೆ, ನಾಥು ಲಾ ಗಡಿಯಲ್ಲಿ ಮತ್ತೆ ಟಪಾಲು ಬದಲಾಯಿಸುವ ಏರ್ಪಾಡಾಯಿತು. ವಾರಕ್ಕೆ ಎರಡು ಸಲ ನಮ್ಮ ಅಂಚೆಯವರೊಬ್ಬರು ಗಡಿಗೆ ಹೋಗಿ ಚೀನಾದ ಅಂಚೆಯವರಿಗೆ ಚೀಲ ಕೊಟ್ಟು, ಅವರ ಚೀಲ ತೆಗೆದುಕೊಂಡು ಬರುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಕೆಲವೇ ನಿಮಿಷದ ಕೆಲಸ. ಆ ಚೀಲದಲ್ಲಿ ಹೆಚ್ಚಾಗಿ ಇರುತ್ತಿದ್ದದ್ದು ಭಾರತದಲ್ಲಿರುವ ಟಿಬೆಟಿಯನ್ನರು ಮತ್ತು ಊರಲ್ಲಿ ಉಳಿದ ಅವರ ನೆಂಟರು ಬರೆದುಕೊಂಡ ಪತ್ರಗಳು.

ಕೊನೆಗೆ ನಿಮ್ಮ ಲಕೋಟೆ. ದಯವಿಟ್ಟು ಸ್ಟಾಂಪನ್ನು ಬಿಡಿಸಬೇಡಿ, ನೀರಲ್ಲಿ ನೆನೆಹಾಕಬೇಡಿ. ಬಿಡಿ ಸ್ಟಾಂಪಿಗೆ ಬೆಲೆ ತೀರಾ ಕಡಿಮೆ, ನಟರಾಜನ ಎರಡಾಣೆ ಎಲ್ಲೆಲ್ಲೂ ಸಿಗುತ್ತದೆ. ಬೆಲೆಯಿರುವುದು ಮೊಹರು, ವಿಳಾಸ, ಕಾಗದ ಎಲ್ಲ ಒಟ್ಟಿಗೆ ಇರುವ ಇಡೀ ಲಕೋಟೆಗೆ. ಲ್ಯಾಮಿನೇಷನ್ ಮಾಡಿಸಲೇಬೇಡಿ. ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ, ಬಿಸಿಲು ಮತ್ತು ಮಳೆಗಾಲದ ತೇವ ತಾಗದ ಕಡೆ ಇಡಿ. ಕೊಡಗಿನ ಕಡೆಯ ಜೂನ್-ಜುಲೈ ತಿಂಗಳು ಹಳೇ ಕಾಗದಕ್ಕೆ ಎಷ್ಟು ಕೆಟ್ಟದ್ದು ಎಂದು ನಿಮಗೇ ಗೊತ್ತು. ಲಕೋಟೆಯ ಹಿಂಬದಿಯನ್ನು ಭೂತಗನ್ನಡಿ ಹಿಡಿದು ನೋಡಿ. ನಿಮ್ಮೂರಿನ ಅಂಚೆ ಕಚೇರಿಯ ಮೊಹರು ಅಲ್ಲಿ ಇರಬಹುದು. ಇದ್ದರೆ ಗ್ಯಾಂಟ್ಸೆಯಿಂದ ತಾತನ ಮನೆಗೆ ಬರಲು ಎಷ್ಟು ದಿನ ಹಿಡಿಯಿತು ಎಂದು ಲೆಕ್ಕ ಸಿಗುತ್ತದೆ. ಒಳಗೆ ಪತ್ರ ಇನ್ನೂ ಇದ್ದರೆ ಅದನ್ನೂ ನಿಧಾನವಾಗಿ ಬಿಡಿಸಿ ಓದಿ. 1952ರಲ್ಲಿ ಗ್ಯಾಂಟ್ಸೆಯಲ್ಲಿ ಕೂತು ಆ ಸೈನಿಕರು ಗೆಳೆಯನಿಗೆ ಏನು ಬರೆದಿದ್ದರು ಎಂದು ತಿಳಿಯಲು ನನಗೂ ಆಸೆ. ಮನೆಯವರು ಒಪ್ಪಿದರೆ ಎರಡೂ ಬದಿಯ ಫೋಟೋ ಕಳಿಸಿ.